ಹೊಳೆಯುವ ಸ್ಟೀಲಿಗೆ ಗನ್ ಹಿಡಿದರೆ

ಪ್ರಶ್ನೆ: ಕಾದ ಹಾಲಿನ ಸ್ಟೀಲ್ ಪಾತ್ರೆಗೆ ಇನ್‌ಫ್ರಾರೆಡ್ ಗನ್ ಹಿಡಿದರೆ 38 ಡಿಗ್ರಿ, ಹಾಲಿಗೆ ಅದ್ದಿದ ಥರ್ಮಾಮೀಟರಿನಲ್ಲಿ 75. ಗನ್ ಕೆಟ್ಟಿದೆಯೇ?
– ಹಾಲಿನ ವ್ಯಾಪಾರಿ, ಚಿಂತಾಮಣಿ

ಉತ್ತರ: ಕೆಟ್ಟಿಲ್ಲ. ಗನ್ ಅಳೆಯುವುದು ಮೇಲ್ಮೈಯಿಂದ ಬರುವ ಅವಗೆಂಪು ವಿಕಿರಣವನ್ನು. ಅಗ್ಗದ ಗನ್‌ಗಳು ಯಾವ ವಸ್ತುವಾದರೂ ಎಮಿಸಿವಿಟಿ (ಮೇಲ್ಮೈ ತನ್ನ ಬಿಸಿಯನ್ನು ವಿಕಿರಣವಾಗಿ ಹೊರಸೂಸುವ ಪ್ರಮಾಣ, ಗರಿಷ್ಠ 1) 0.95 ಎಂದೇ ಲೆಕ್ಕ ಹಾಕುತ್ತವೆ. ಹೊಳೆಯುವ ಸ್ಟೀಲಿನದು 0.1–0.2ರ ಆಸುಪಾಸು ಅಷ್ಟೇ. ಗನ್ನಿಗೆ ತಲುಪುವ ಉಳಿದ ವಿಕಿರಣ ಗೋಡೆ, ಸೂರಿನಿಂದ ಬಂದು ಪಾತ್ರೆಯಲ್ಲಿ ಪ್ರತಿಫಲಿಸಿದ್ದು. ನೀವು ಓದಿದ್ದು ಬಹುಪಾಲು ಕೋಣೆಯ ಬಿಸಿ!

ಪಾತ್ರೆಯನ್ನು ಒಲೆಯಿಂದ ಇಳಿಸಿ, ಒರೆಸಿ, ಹಾಲಿನ ಮಟ್ಟಕ್ಕಿಂತ ಕೆಳಗೆ ಕರಿ ಇನ್ಸುಲೇಷನ್ ಟೇಪನ್ನು ಗುಳ್ಳೆಯಿಲ್ಲದಂತೆ ಅಂಟಿಸಿ. ಒಂದು ನಿಮಿಷ ಬಿಟ್ಟು ಟೇಪಿಗೇ ಗುರಿಯಿಡಿ; ಅದರ ಎಮಿಸಿವಿಟಿ ಗನ್ ಲೆಕ್ಕ ಹಾಕುವ 0.95ಕ್ಕೆ ಹತ್ತಿರ. ಗನ್ ಮೇಲೆ 12:1 ಎಂದಿದ್ದರೆ ಅದು 12 ಸೆಂ.ಮೀ. ದೂರದಿಂದ 1 ಸೆಂ.ಮೀ. ಅಗಲ ನೋಡುತ್ತದೆ, ದೂರ ಹೆಚ್ಚಾದರೆ ಸುತ್ತಲಿನ ಸ್ಟೀಲೂ ಸೇರಿ ಮತ್ತೆ ತಪ್ಪು ತೋರಿಸುತ್ತದೆ.