ಕೆಂಪು ಕುಚ್ಚಲಕ್ಕಿಯನ್ನು ಪಾಲಿಶ್ ಮಾಡಿದರೆ ಬಿಳಿಯಾಗುವುದೇಕೆ?

ಕೆಂಪು ಬಣ್ಣ ಕಾಳಿನ ಹೊರಪದರದಲ್ಲಿ ಮಾತ್ರ ತಯಾರಾಗುತ್ತದೆ, ಅದಕ್ಕೆ. ಭತ್ತದ ಬೇರು, ಎಲೆ, ಕಾಳು ಎಲ್ಲದರ ಜೀವಕೋಶಗಳಲ್ಲೂ ಇರುವುದು ಅವೇ ಜೀನ್‌ಗಳು. ಆದರೆ ಎಲ್ಲವೂ ಎಲ್ಲೆಡೆ ಕೆಲಸ ಮಾಡುವುದಿಲ್ಲ. ‘ಆರ್‌ಸಿ’ ಎಂಬ ಜೀನ್ ಹೊರಪದರದಲ್ಲಿ ಎಚ್ಚರಗೊಂಡು ಒಂದು ಪ್ರೋಟೀನನ್ನು ಮಾಡಿಸುತ್ತದೆ. ಆ ಪ್ರೋಟೀನು ಬಣ್ಣ ತಯಾರಿಸುವ ಇತರ ಜೀನ್‌ಗಳಿಗೆ ಸ್ವಿಚ್ಚು. ಒಳಗಿನ ತಿರುಳಿನಲ್ಲಿ ಪಿಷ್ಟ ಕೂಡಿಡುವ ಜೀನ್‌ಗಳದೇ ಕಾರುಬಾರು, ಬಣ್ಣದ ಕೆಲಸವೇ ಇಲ್ಲ.

ನಮ್ಮ ಉಡುಪಿ ಕಡೆ ಬೆಳೆಯುವ ಎಂಒ-4 ಎಂಬ ಕೆಂಪು ತಳಿಯ ಅಕ್ಕಿಯ ಅರೆಪಾಲಿಶ್ ಕಾಳೊಂದನ್ನು ಅಂಗೈಯಲ್ಲಿಟ್ಟು ನೋಡಿ: ಉದ್ದದ ಗೀರುಗಳಲ್ಲಿ ಮಾತ್ರ ಕೆಂಪು ಉಳಿದಿರುತ್ತದೆ. (ಭತ್ತ ಬೇಯಿಸುವಾಗ ತುಸು ಬಣ್ಣ ಒಳಕ್ಕೂ ಇಳಿಯುವುದರಿಂದ ಕುಚ್ಚಲಕ್ಕಿ ಅಚ್ಚ ಬಿಳಿಯಾಗುವುದಿಲ್ಲ.) ಹುಟ್ಟಾ ಬಿಳಿಯಾದ ಬಹುಪಾಲು ತಳಿಗಳಲ್ಲಿ ಇದೇ ಜೀನ್‌ನ 14 ಡಿಎನ್‌ಎ ಅಕ್ಷರಗಳು ಕಳೆದುಹೋಗಿ ಸ್ವಿಚ್ಚೇ ಕೆಟ್ಟಿದೆ.