ಒಂದೇ ಥರ ಹೆಸರಿರೋ ಮಾತ್ರೆ ಕೈಗೆ ಬಂದ್ರೆ?

ಪ್ರಶ್ನೆ: ಮೇಡಂ ನಮಸ್ತೆ, ಫಾರ್ಮಸಿಲಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಯ್ತು. ಮೊನ್ನೆ ಚೀಟೀಲಿ ಹೈಡ್ರಾಕ್ಸಿಜಿನ್ ಅಂತ ಇತ್ತು, ನಾನು ಪಕ್ಕದಲ್ಲಿದ್ದ ಹೈಡ್ರಲಜಿನ್ ತೆಗೆದುಬಿಟ್ಟಿದ್ದೆ, ಸೀನಿಯರ್ ನೋಡಿ ತಡೆದ್ರು. ಅವತ್ತಿಂದ ಒಂದೊಂದು ಸ್ಟ್ರಿಪ್ ಕೊಡೋವಾಗ್ಲೂ ಕೈ ನಡುಗತ್ತೆ. ಸ್ಟಾಕ್ ಹೇಗೆ ಜೋಡಿಸ್ಬೇಕು, ಕೊಡೋವಾಗ ಏನೇನು ನೋಡ್ಬೇಕು? ಪುಡಿಯಾಗಿ ಬರೋ ಡ್ರೈ ಸಿರಪ್ ನಾವೇ ನೀರು ಹಾಕಿ ಕಲಸಿ ಕೊಡ್ಬೇಕಾ?

ಉತ್ತರ: ಹೈಡ್ರಾಕ್ಸಿಜಿನ್ ತುರಿಕೆ, ಅಲರ್ಜಿಗೆ ಕೊಡೋದು, ಹೈಡ್ರಲಜಿನ್ ಬಿಪಿ ಇಳಿಸೋದು, ಹಾಗಾಗಿ ನಿಮಗೆ ಭಯ ಆಗಿದ್ದು ಸರಿಯಾಗೇ ಇದೆ. ಆದ್ರೆ ಬರೀ ನಿಮ್ಮ ಕಣ್ಣನ್ನೇ ಬೈಕೋಬೇಡಿ, ಆ ಎರಡನ್ನೂ ಅಕ್ಷರದ ಪ್ರಕಾರ ಅಕ್ಕಪಕ್ಕ ಇಟ್ಟಾಗ್ಲೇ ತಪ್ಪು ಶುರುವಾಗಿತ್ತು. ಇವತ್ತೇ ಒಂದನ್ನ ಬೇರೆ ರ‍್ಯಾಕ್‌ಗೆ ಹಾಕಿ, ಲೇಬಲ್‌ನಲ್ಲಿ ಹೆಸರು ಎಲ್ಲಿ ಬೇರೆಯಾಗತ್ತೋ ಆ ಅಕ್ಷರ ಮಾತ್ರ ದಪ್ಪಗೆ ಬರೆದು ಅಂಟಿಸಿ. ಆಮೇಲೆ ಒಂದು ಪುಸ್ತಕದಲ್ಲಿ ಯಾವ ಮಾತ್ರೆ, ಎಲ್ಲಿತ್ತು, ಹೇಗೆ ಸಿಕ್ಕಿಬಿತ್ತು ಅಂತ ಬರೆದಿಡಿ, ಯಾಕಂದ್ರೆ ನಿಮ್ಮ ನಂತರ ಬರೋರ ಕೈನೂ ಅಲ್ಲಿಗೇ ಹೋಗೋದು.

ಸ್ಟಾಕ್ ಬಂದಾಗ ಮೊದ್ಲು ಬಂದಿದ್ದು ಮುಂದೆ ಅನ್ನೋ ಲೆಕ್ಕ ಬಿಡಿ, ಮೊದ್ಲು ಎಕ್ಸ್‌ಪೈರಿ ಆಗೋದು ಮುಂದೆ. ಎಷ್ಟೋ ಸಲ ಹೊಸ ಬಾಕ್ಸ್‌ನದ್ದೇ ಹತ್ತಿರದ ತಾರೀಕು ಇರತ್ತೆ. ಬರೀ ತಿಂಗಳು ಇದ್ರೆ ಆ ತಿಂಗಳ ಕೊನೇ ದಿನದವರೆಗೆ ಲೆಕ್ಕ, ಆದ್ರೆ ಮೂರು ತಿಂಗಳ ಮಾತ್ರೆ ಒಯ್ಯೋರಿಗೆ ಮುಂದಿನ ತಿಂಗಳು ಮುಗಿಯೋ ಸ್ಟ್ರಿಪ್ ಕೊಟ್ರೆ ಹೇಗೆ? ಸ್ಟ್ರಿಪ್ ಕಟ್ ಮಾಡೋವಾಗ ಎಕ್ಸ್‌ಪೈರಿ ಇರೋ ತುದಿ ನಿಮ್ಮ ಹತ್ರ ಉಳೀಬೇಕು, ಅವರ ತುಂಡಿನದ್ದು ಬ್ಯಾಚ್ ನಂಬರ್ ಸಮೇತ ಕವರ್ ಮೇಲೆ ಬರೀರಿ. ತಾರೀಕು ಮುಗಿದ ಮಾಲು ಬೇರೆ ಡಬ್ಬಕ್ಕೆ.

ಫ್ರಿಜ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇರ್ಬೇಕು, ಇನ್ಸುಲಿನ್ ಹಿಂದಿನ ಗೋಡೆಗೆ ತಾಗಿಸ್ಬೇಡಿ. ಒಂದ್ಸಲ ನಾನು ಬೆಳಿಗ್ಗೆ ಫ್ರಿಜ್ ತೆಗೆದಾಗ ಒಂದು ಇನ್ಸುಲಿನ್ ಪೆನ್ ಗೋಡೆಗೆ ಅಂಟಿ ಹೆಪ್ಪುಗಟ್ಟಿತ್ತು, ಕರಗಿದ ಮೇಲೆ ನೋಡೋಕೆ ಏನೂ ಆಗದ ಹಾಗೇ ಕಾಣ್ತಿತ್ತು. ಹಾಗೆ ಕಂಡ್ರೂ ಅದನ್ನ ಕೊಡೋ ಹಾಗಿಲ್ಲ, ಎಸೀಲೇಬೇಕು.

ಕೊಡೋವಾಗ ಮೂರು ಸಲ ಓದಿ: ರ‍್ಯಾಕಿಂದ ತೆಗೆಯೋವಾಗ, ಎಣಿಸೋವಾಗ, ಕೈಗೆ ಕೊಡೋವಾಗ. ಬಾಕ್ಸ್ ಬಣ್ಣ ನೋಡಿ ಗುರುತು ಹಿಡಿಯೋ ಅಭ್ಯಾಸ ಬೇಡವೇ ಬೇಡ. ಹೆಸರಷ್ಟೇ ಅಲ್ಲ, ಎಷ್ಟು ಎಂಜಿ, ಸಿರಪ್ಪಾ ಡ್ರಾಪ್ಸಾ ಅಂತಾನೂ ಓದಿ. ಪ್ಯಾರಾಸಿಟಮಾಲ್ ಸಿರಪ್ 5 ಎಂಎಲ್‌ಗೆ 120 ಎಂಜಿ ಇದ್ರೆ, ಡ್ರಾಪ್ಸ್ 1 ಎಂಎಲ್‌ಗೇ 100 ಎಂಜಿ ಇರತ್ತೆ, ಅಂದ್ರೆ ಸಿರಪ್ ಅಂದ್ಕೊಂಡು ಡ್ರಾಪ್ಸ್ 5 ಎಂಎಲ್ ಕುಡಿಸಿದ್ರೆ ಮಗುವಿಗೆ 500 ಎಂಜಿ ಹೋಯ್ತು! "ನೀವು ಇಂಥವರಲ್ವಾ" ಅಂತ ಕೇಳ್ಬೇಡಿ, ಗಡಿಬಿಡೀಲಿ ಯಾರಾದ್ರೂ ಹೂಂ ಅಂತಾರೆ, ಹೆಸರು ಅವರ ಬಾಯಿಂದಾನೇ ಬರಲಿ. ಕೀಲುನೋವಿಗೆ ಮೆಥೊಟ್ರೆಕ್ಸೇಟ್ ಬರೆದಿದ್ರೆ ಅದು ವಾರಕ್ಕೆ ಒಂದೇ ದಿನ, ದಿನಾ ತಗೊಂಡ್ರೆ ಜೀವಕ್ಕೇ ಅಪಾಯ, ವಾರದಲ್ಲಿ ಯಾವ ದಿನ ಅಂತ ಡಾಕ್ಟರ್ ಹತ್ರ ಖಚಿತ ಮಾಡ್ಕೊಂಡು ಕವರ್ ಮೇಲೆ ದೊಡ್ಡದಾಗಿ ಬರೀರಿ.

ಇನ್ನು ಡ್ರೈ ಸಿರಪ್. ಅವತ್ತೇ ಶುರು ಮಾಡೋದಾದ್ರೆ ನೀವೇ ಕಲಸಿ ಕೊಡೋದು ಒಳ್ಳೇದು. ಮೊದ್ಲು ಬಾಟಲಿ ತಟ್ಟಿ, ಪುಡಿ ತಳಕ್ಕೆ ಗಟ್ಟಿಯಾಗಿ ಕೂತಿರತ್ತೆ, ಸಡಿಲ ಆಗ್ಲಿ. ಕುದಿಸಿ ಪೂರ್ತಿ ಆರಿಸಿದ ನೀರು ಅರ್ಧ ಹಾಕಿ ಅಲ್ಲಾಡಿಸಿ, ನೊರೆ ಇಳಿಯೋವರೆಗೂ ಕಾಯಿರಿ, ಆಮೇಲೆ ಗೆರೆವರೆಗೆ ತುಂಬಿಸಿ ಮತ್ತೆ ಅಲ್ಲಾಡಿಸಿ. ನೊರೆ ಇದ್ದಾಗ್ಲೇ ಗೆರೆ ನೋಡಿದ್ರೆ ನೀರು ಕಮ್ಮಿ ಬೀಳತ್ತೆ, ಒಂದೊಂದು ಡೋಸೂ ಜಾಸ್ತಿ ಆಗತ್ತೆ. ಕಲಸಿದ ದಿನ, ಬಿಸಾಕೋ ದಿನ ಎರಡೂ ಲೇಬಲ್ ನೋಡಿ ಬಾಟಲಿ ಮೇಲೆ ಬರೀರಿ. ಅಳತೆ ಕಪ್‌ನಲ್ಲಿ ಡೋಸ್ ಎಲ್ಲಿವರೆಗೆ ಅಂತ ಪೆನ್ನಲ್ಲಿ ಗೆರೆ ಎಳೆದೇ ಕೊಡಿ, ಅಡುಗೆಮನೆ ಚಮಚ ಬೇಡ ಅಂತ ಬಾಯ್ಬಿಟ್ಟು ಹೇಳಿ. ಎರಡು ದಿನ ಬಿಟ್ಟು ಶುರು ಮಾಡ್ತೀವಿ ಅಂದ್ರೆ ಮಾತ್ರ ಪುಡೀಲೇ ಕೊಟ್ಟು, ಕಲಸೋದು ಹೇಗೆ ಅಂತ ತೋರಿಸಿ ಕಳಿಸಿ.