ಆ್ಯಪ್ ಮಾಡಿದರೆ ಪಿಎಚ್‌.ಡಿ. ಆಗುತ್ತದೆಯೇ?

ಪ್ರಶ್ನೆ: ವಿರಾಜಪೇಟೆ ಹತ್ತಿರದ ಊರು ನನ್ನದು. ಬೆಂಗಳೂರಿನಲ್ಲಿ ಎಂ.ಡೆಸ್. (ವಿನ್ಯಾಸದ ಸ್ನಾತಕೋತ್ತರ ಪದವಿ) ಮುಗಿಸಿ ಆ್ಯಪ್ ವಿನ್ಯಾಸದ ಕೆಲಸದಲ್ಲಿದ್ದೇನೆ. ನಮ್ಮ ಕಡೆ ತೋಟದ ಕೆಲಸಗಾರರ ಬೆರಳನ್ನು ರೇಷನ್ ಅಂಗಡಿಯ ಮಷಿನ್ ಎಷ್ಟೋ ಸಲ ಒಪ್ಪುವುದಿಲ್ಲ. ಇದಕ್ಕೊಂದು ಆ್ಯಪ್ ಮಾಡಿ ಪಿಎಚ್‌.ಡಿ. ಪಡೆಯಬಹುದೇ? ‘ಡಿಸೈನ್‌ನಲ್ಲಿ ಎಂಥ ಡಾಕ್ಟರೇಟ್? ಹೊಟ್ಟೆಪಾಡೇನು?’ ಅಂತಾರೆ ಅಪ್ಪ.
– ಹೆಸರು ಬೇಡ

ಉತ್ತರ: ವಿಷಯ ತುಂಬಾ ಒಳ್ಳೆಯದು, ಬಿಡಬೇಡಿ. ಆ್ಯಪ್ ಅನ್ನೋದನ್ನು ಮಾತ್ರ ಸದ್ಯಕ್ಕೆ ಬದಿಗಿಡಿ. ಆ್ಯಪ್ ಮಾಡಿಕೊಟ್ಟರೆ ಅದು ಉಪಕಾರದ ಕೆಲಸ, ಪಿಎಚ್‌.ಡಿ. ಅಲ್ಲ. ಬೇರೆ ಊರಿನವರೂ ಬಳಸಬಹುದಾದ ಹೊಸ ತಿಳಿವಳಿಕೆ ಬಂದರೆ ಮಾತ್ರ ಅದು ಸಂಶೋಧನೆ. ಮಾದರಿ ಮಾಡಿ ಜನರ ಕೈಗೆ ಕೊಟ್ಟು ನೋಡುವುದು ಅಲ್ಲಿಗೆ ಹೋಗುವ ಒಂದು ದಾರಿ, ಅಷ್ಟೇ.

ಬ್ಯಾಂಕ್ ಕೆಲಸದಲ್ಲಿದ್ದ ಲಿನ್ ಶೊಸ್ಟಾಕ್ ಎಂಬಾಕೆ, ಕಟ್ಟಡಕ್ಕಿರುವಂತೆ ಸೇವೆಗೂ ನಕ್ಷೆ ಬರೆಯಬಹುದು ಅಂತ 1984ರ ಲೇಖನವೊಂದರಲ್ಲಿ ತೋರಿಸಿದರು. ಶೂ ಪಾಲಿಶ್‌ನ ಉದಾಹರಣೆ ತೆಗೆದುಕೊಂಡು, ಗಿರಾಕಿಗೆ ಕಾಣುವ ಕೆಲಸಕ್ಕೂ ಕಾಣದ ಕೆಲಸಕ್ಕೂ ನಡುವೆ ಗೆರೆ ಎಳೆದರು. ನೀವು ಆ ಗೆರೆಯನ್ನು ನಿಮ್ಮೂರಿನ ರೇಷನ್ ಅಂಗಡಿಯಲ್ಲಿ ಎಳೆಯಿರಿ. ಮೇಲೆ ಕಾಣುವುದು ಮಷಿನ್ ಮೇಲಿನ ಬೆರಳು. ಕೆಳಗೆ ಏನೇನಿದೆ? ಸರ್ವರ್, ಮಳೆಗಾಲದಲ್ಲಿ ಹೋಗುವ ಕರೆಂಟು, ನೆಟ್‌ವರ್ಕು, ಅಂಗಡಿಯವರು ಒಪ್ಪಿಸಬೇಕಾದ ದಾಸ್ತಾನಿನ ಲೆಕ್ಕ. ಬೆರಳು ಬೀಳದಿದ್ದರೆ ಓಟಿಪಿ ಇದೆ ಅಂತಾರೆ. ಸರಿ, ಆದರೆ ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸಗಾರರ ಸಾಲು ಮನೆಯಲ್ಲಿ, ಇಡೀ ಸಂಸಾರಕ್ಕೆ ಒಂದೇ ಫೋನ್ ಇದ್ದು, ಅದು ತೋಟಕ್ಕೆ ಹೋದ ಗಂಡನ ಜೇಬಿನಲ್ಲಿದ್ದರೆ ಆ ಹೆಂಗಸು ಏನು ಮಾಡಬೇಕು? ಆ ಹೊತ್ತಿಗೆ ಅಂಗಡಿಯವರು ಏನು ಹೇಳುತ್ತಾರೆ, ಯಾರನ್ನು ನಾಳೆ ಬನ್ನಿ ಅನ್ನುತ್ತಾರೆ, ಯಾರಿಗೆ ಹೇಗೋ ದಾರಿ ಮಾಡಿಕೊಡುತ್ತಾರೆ? ನಿಮ್ಮ ಪ್ರಶ್ನೆ ಇರುವುದು ಇಲ್ಲಿ. ನನ್ನ ಅಭಿಪ್ರಾಯದಲ್ಲಿ ಈ ಅಂಗಡಿಯವರನ್ನು ಬಿಟ್ಟು ಬರೆದ ಯಾವ ಪ್ರಬಂಧವೂ ಪೂರ್ತಿಯಲ್ಲ.

ನಾನೂ ಸೋಮವಾರಪೇಟೆ ಕಡೆಯವಳು. ಡಿಸೈನ್ ವಿದ್ಯಾರ್ಥಿಗಳಿಗೆ ಗೈಡ್ ಆಗಿದ್ದೇನೆ. ಹಾಗಾಗಿ ಒಂದು ವಿಷಯ ಒತ್ತಿ ಹೇಳ್ತೀನಿ: ಲೈನ್ ಮನೆಗೆ ತೋಟದ ಲೆಕ್ಕ ಬರೆಯುವ ರೈಟರ್ ಜೊತೆ ಹೋಗಬೇಡಿ. ಅವರು ಎಷ್ಟೇ ಒಳ್ಳೆಯವರಿರಲಿ, ಸಂಬಳ ಬರೆಯುವವರು ಪಕ್ಕದಲ್ಲಿ ನಿಂತರೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ಎರವರು, ಜೇನು ಕುರುಬರಂಥ ಬುಡಕಟ್ಟಿನವರು ಮನೆಯಲ್ಲಿ ಆಡುವುದು ತಮ್ಮದೇ ಮಾತು. ಅದು ಬಲ್ಲವರನ್ನು ಸಂಶೋಧನೆಯ ಜೊತೆಗಾರರಾಗಿ ಸೇರಿಸಿಕೊಳ್ಳಿ. ಅವರಿಗೆ ಸಂಬಳವನ್ನೂ ಕೊಡಿ, ಸುಮ್ನೆ ಕರೆದೊಯ್ಯಬೇಡಿ. ನಿಮ್ಮ ಸಂಸ್ಥೆಯ ಎಥಿಕ್ಸ್ ಸಮಿತಿಯ (ಸಂಶೋಧನೆಯಿಂದ ಜನರಿಗೆ ತೊಂದರೆಯಾಗದಂತೆ ನೋಡುವ ಸಮಿತಿ) ಒಪ್ಪಿಗೆ ಮೊದಲೇ ಪಡೆಯಿರಿ. ಮಾತಾಡಲು ‘ಇಲ್ಲ’ ಅಂದರೂ ರೇಷನ್‌ಗೆ ತೊಂದರೆಯಿಲ್ಲ ಅಂತ ಕೆಲಸಗಾರರಿಗೆ ಬಾಯಲ್ಲೇ ಹೇಳಿ, ಒಪ್ಪಿಗೆ ಪತ್ರಕ್ಕೆ ಸಹಿ ಆಮೇಲೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹಗಲು ಮಾತಿಗೆ ಕೂರಿಸಿದರೆ ಅವರ ಕೂಲಿ ಹೋಗುತ್ತದೆ, ಸಂಜೆ ಹೋಗಿ. ಅಂಗಡಿ ನೋಡುವುದಕ್ಕೆ ಮಾತ್ರ ಜೂನ್–ಜುಲೈ ಮಳೆ ತಪ್ಪಿಸಬೇಡಿ, ತೊಂದರೆ ಜಾಸ್ತಿ ಆಗುವುದು ಆಗಲೇ.

ಇನ್ನು ಅಪ್ಪನಿಗೆ. ಬೆಂಗಳೂರಿನ ಐಐಎಸ್‌ಸಿ, ಮುಂಬೈ ಐಐಟಿಯ ವಿನ್ಯಾಸ ಶಾಲೆ ಐಡಿಸಿ, ಗುವಾಹಟಿ ಐಐಟಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿ – ಎಲ್ಲ ಕಡೆ ಡಿಸೈನ್‌ನಲ್ಲಿ ಪಿಎಚ್‌.ಡಿ. ಇದೆ. ಐಐಟಿ, ಐಐಎಸ್‌ಸಿಗಳಲ್ಲಿ ಫೆಲೋಶಿಪ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಈಗಿನ ನಿಮ್ಮ ಸಂಬಳಕ್ಕಿಂತ ಇದು ಕಡಿಮೆಯೇ ಇರಬಹುದು. ನಾಲ್ಕೈದು ವರ್ಷ ಹಿಡಿಯುತ್ತದೆ ಅಂತಲೂ ಮುಚ್ಚಿಡದೆ ಹೇಳಿಬಿಡಿ.

ಅರ್ಜಿಗೆ ಮೊದಲು ಒಂದು ವಾರ ಅಂಗಡಿಯ ಬೆಂಚಿನ ಮೇಲೆ ಕೂತು ನೋಡಿ. ಅಂಗಡಿಯವರನ್ನು ಕೇಳಿಯೇ, ಅಲ್ವಾ? ಕಂಡಿದ್ದನ್ನು ಎರಡು ಪುಟಕ್ಕೆ ಇಳಿಸಿ, ಆ ಪುಟಗಳನ್ನೇ ಗೈಡ್ ಆಗಬಹುದಾದವರಿಗೆ ಕಳಿಸಿ.